ಸುಣ್ಣದ ತೊಟ್ಟಿಯ ಸಾಹೇಬರು

ಅವರ ಬೆರಳ ತುದಿಗಳನ್ನು ಸುಣ್ಣ ತಿಂದುಹಾಕಿತ್ತು. ಖಾರ ತಾಗಿದರೆ ಉರಿಯುತ್ತದೆಂದು ಪಲ್ಯ ಬಿಟ್ಟು, ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿ ತಿನ್ನುತ್ತಿದ್ದರು. ವಾಡಿಯ ಆಚೆಗಿದ್ದ ಗೊಬ್ಬರದ ಕಾರ್ಖಾನೆಯಲ್ಲಿ ಅವರು ಕೆಮಿಸ್ಟ್. ಎಪ್ಪತ್ತರ ದಶಕದಲ್ಲಿ ನಾನು ಅವರ ಕೈಕೆಳಗೆ ಸುಣ್ಣ ಕಲಸುತ್ತಿದ್ದೆ. ನಮಗೆಲ್ಲ ಅವರು ಸಾಹೇಬರು.

ಅವರು ಬರುವ ಮೊದಲು ಗೊಬ್ಬರ ಮಾಡಿ ಉಳಿದ ಹುಳಿನೀರು ನೇರ ಹಳ್ಳಕ್ಕೆ ಬೀಳುತ್ತಿತ್ತು. ಬಟ್ಟೆ ಒಗೆಯುವ ಹೆಂಗಸರ ಕಾಲು ಹುಣ್ಣಾಗುತ್ತಿದ್ದವು. ಸಾಹೇಬರು ತೊಟ್ಟಿಗಳನ್ನು ಕಟ್ಟಿಸಿದರು. ಹುಳಿನೀರಿಗೆ ಸುಣ್ಣದ ಹಾಲು ಬೆರೆಸಿ, ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಪಂಪು ಹಚ್ಚಿ ಕಾರ್ಖಾನೆಗೇ ತಿರುಗಿ ಕಳಿಸುತ್ತಿದ್ದೆವು. ಅಲ್ಲಿ ಚಿಮಣಿಗೆ ಹೋಗುವ ಹೊಗೆಯ ಮೇಲೆ ಅದೇ ನೀರು ಸಿಂಪಡಿಸಿ ಅದರ ವಿಷ ತೊಳೆಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಪಕ್ಕದ ಹೊಲದ ಮುದುಕಿ ಬಂದು, "ಇಷ್ಟು ತಿಳಿ ಅದ. ನನ್ನ ಮೆಣಸಿನ ಗಿಡಕ್ಕ ಒಂದೆರಡು ಕೊಡ ಕೊಡ್ರಿ" ಎಂದಳು.

"ತಿಳಿ ಅಂದ್ರ ಚೊಲೋ ಅಂತಲ್ಲಬೇ ಯವ್ವಾ," ಎಂದರು ಸಾಹೇಬರು. "ಇನ್ನಾ ಇದರಾಗ ವಿಷ ಅದ. ಕಾರ್ಖಾನಿಗಷ್ಟ ನಡೀತದ."

ಮರುದಿನದಿಂದ ಮಳೆ ಬರುವವರೆಗೆ ಸಾಹೇಬರ ಮನೆಯ ನಲ್ಲಿಯ ನೀರು ಆ ಗಿಡಗಳಿಗೆ ಹೋಯಿತು.

ಆ ಮಳೆಗಾಲದಲ್ಲೇ ಸುಣ್ಣದ ಪೈಪು ಕಟ್ಟಿಕೊಂಡಿತು. ಸುಣ್ಣ ಬೀಳದ ಹುಳಿನೀರಿನಿಂದ ತೊಟ್ಟಿಗಳು ತುಂಬುತ್ತಿದ್ದವು. ಮ್ಯಾನೇಜರು ಬಂದು, "ತೊಟ್ಟಿ ಗೇಟ್ ಎತ್ತಿ ಹಳ್ಳಕ್ಕ ಬಿಡ್ರಿ" ಎಂದರು.

"ಕೆಳಗ ಮಂದಿ ಅದಾರ್ರಿ. ಪೈಪ್ ಬಿಡಿಸ್ಲಿಕತ್ತೀವಿ, ತಡೀರಿ," ಎಂದರು ಸಾಹೇಬರು.

ನಾನು ಪೈಪಿನ ಬೋಲ್ಟು ಸಡಿಲಿಸುತ್ತಿದ್ದೆ. ಒಳಗೆ ಒತ್ತಡ ಉಳಿದಿರುವುದು ಯಾರಿಗೂ ಗೊತ್ತಿರಲಿಲ್ಲ. ಬುಸ್ಸೆಂದ ಸದ್ದಿಗೆ ಸಾಹೇಬರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದು ತಾವು ಮುಂದಾದರು. ಸುಣ್ಣ ಅವರ ಮುಖಕ್ಕೆ ಬಡಿಯಿತು. ಕೊಡಗಟ್ಟಲೆ ನೀರು ಸುರಿದೆವು. ಗುಲ್ಬರ್ಗಾದ ದವಾಖಾನೆಗೆ ಒಯ್ದೆವು. ಎರಡೂ ಕಣ್ಣು ಹೋದವು. ಪೈಪಿನ ಕಟ್ಟು ಅಂದೇ ಬಿಟ್ಟಿತು, ಗೇಟು ಎತ್ತಲಿಲ್ಲ.

ಚಿತ್ತಾಪುರದಲ್ಲಿ ಅವರ ತಂಗಿಯ ಮನೆಗೆ ನೋಡಲು ಹೋದೆ.

"ಸಾಹೇಬ್ರ, ನನ್ನ ಸಲುವಾಗಿ..."

"ಅದು ಬಿಡು. ಹೊಸಬರಿಗೆ ಕೆಲಸ ಕಲಿಸ್ಲಿಕತ್ತೀಯೇನು?"

"ಹೌದ್ರಿ."

"ಪೈಪಿನಾಗಿನ ಜೋರು ಇಳಿಸೋದು ಮೊದಲ ಕಲಿಸು. ಚಾ ಕುಡಿ, ಆರ್ತದ."

ಸಾಹೇಬರು ಬಹಳ ವರ್ಷ ಬದುಕಲಿಲ್ಲ. ಅವರ ಮಣ್ಣಿಗೆ ಹೋದೆ. ಎಲ್ಲರಂತೆ ಒಂದು ಹಿಡಿ ಹಾಕಿದೆ. ಅವರ ತಂಗಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಸಂಜೆ ವಾಡಿಯ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಗರಿ ಹೊಲ, ಕಲ್ಲಿನ ಗಣಿ, ಎಮ್ಮೆ ಹೊಡೆದುಕೊಂಡು ಹೋಗುವ ಹೆಂಗಸು, ಎಲ್ಲ ಒಂದೊಂದಾಗಿ ಹಿಂದೆ ಸರಿದವು. ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಬೇರೇನೂ ಅನ್ನಿಸಲಿಲ್ಲ. ಕತ್ತಲಾಗುವವರೆಗೆ ನೋಡುತ್ತಲೇ ಕೂತಿದ್ದೆ.