ಸುಮ್ಮನಿದ್ದುಬಿಡು ಎಂದು ಕಲಿಸಿದವನು

ಸುಮ್ಮನಿದ್ದುಬಿಡು ಎಂದು ಕಲಿಸಿದವನು ನಾನೇ, ನಾಗವೇಣಿ. ವಿಚಾರಣೆಯ ದಿನ ಅಷ್ಟೂ ಜನರ ಮುಂದೆ, ನೀನು ಎದುರಿಗೇ ನಿಂತಿರುವಾಗ, ಹಾಗೆ ಕಲಿಸಿಯೇ ಇಲ್ಲ ಎಂದು ಸುಳ್ಳು ಹೇಳಿದವನೂ ನಾನೇ. ಆವತ್ತು ಆ ಕೋಣೆಯಲ್ಲಿ ನಿಜ ಹೇಳಿದವಳು ನೀನೊಬ್ಬಳೇ. ನಿನ್ನ ಪರವಾನಗಿ ಹೋಯಿತು, ಹಡಗು ಹೋಯಿತು, ಹೆಸರು ಹೋಯಿತು. ನನ್ನದೇನೂ ಹೋಗಲಿಲ್ಲ.

ಇಷ್ಟು ಬರೆಯುವುದರೊಳಗೆ ಎಷ್ಟು ಸಲ ಎದ್ದೆನೋ ಗೊತ್ತಿಲ್ಲ. ಬಾಗಿಲಿಗೆ ಹೋಗುತ್ತೇನೆ, ರಸ್ತೆಯ ಬಸ್ಸು ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. "ಕಾಲಿಗೇನು ಚಕ್ರ ಕಟ್ಕೊಂಡಿದೀರಾ?" ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಗದರಿದಳು. ಅವಳಿಗೂ ಇದು ಗೊತ್ತಿಲ್ಲ — ಇಷ್ಟು ವರ್ಷ ಒಂದೇ ತಟ್ಟೆಯ ಉಪ್ಪಿನಕಾಯಿ ನೆಕ್ಕಿದವಳಿಗೂ ಹೇಳಿಲ್ಲ. ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ ಅನ್ನಿಸಬಹುದು. ಗೊತ್ತಿಲ್ಲದವರೂ ಓದಲಿ ಎಂದೇ ಮೊದಲಿನಿಂದ ಬರೆಯುತ್ತಿದ್ದೇನೆ.

ಕೊರಟಗೆರೆಯವನು ನಾನು. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಓಡುವ ಸೀಮೆಯಿಂದ ಹೋಗಿ ಹಡಗಿನ ರೇಡಿಯೋ ಅಧಿಕಾರಿಯಾದೆ. ವಿಭೂತಿ ಹಚ್ಚಿಕೊಂಡು ಕಡಲಿಗೆ ಹೋದವನು ಎಂದು ನಮ್ಮ ಬೀದಿಯವರು ಬಹಳ ದಿನ ಆಡಿಕೊಂಡರು. ಹಡಗು ಬಿಟ್ಟ ಮೇಲೆ ಕರಾವಳಿಯ ಒಂದು ತರಬೇತಿ ಕೇಂದ್ರದಲ್ಲಿ ಮೇಷ್ಟ್ರಾದೆ. ಕಡಲಲ್ಲಿ ಆಪತ್ತು ಬಂದಾಗ ರೇಡಿಯೋದಲ್ಲಿ ಹೇಗೆ ಕೂಗಬೇಕು, ಬೇರೆಯವರು ಕೂಗಿದಾಗ ಹೇಗೆ ಓಗೊಡಬೇಕು — ಇದೇ ನನ್ನ ಪಾಠ. ಅಲ್ಲಿಗೆ ನೀನು ಬಂದೆ. ಪಾವಗಡದ ತಿರುಮಣಿಯ ಕುರಿ ಕಾಯುವ ಮನೆಯ ಮಗಳು. ಹೆಸರು ಕರೆದಾಗ ನೀನು "ಇವ್ನಿ ಸಾ" ಎಂದದ್ದಕ್ಕೆ ಕರಾವಳಿಯ ಹುಡುಗರೆಲ್ಲ ನಕ್ಕರು. ನನಗೆ ಮಾತ್ರ ನಮ್ಮ ಕಡೆಯ ಮಾತು ಕಿವಿಗೆ ಬಿದ್ದು ಹೊಟ್ಟೆ ತಣ್ಣಗಾಯಿತು.

ಹಡಗಿನ ರೇಡಿಯೋದಲ್ಲಿ ಮುಚ್ಚಳದಡಿ ಒಂದು ಕೆಂಪು ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ ಸುತ್ತಲಿನ ಹಡಗುಗಳಲ್ಲೆಲ್ಲ ಅಲಾರಂ ಬಡಿದುಕೊಳ್ಳುತ್ತದೆ, ಯಾವ ಹಡಗು, ಎಲ್ಲಿದೆ ಎಂದು ಪರದೆಯ ಮೇಲೆ ಬರುತ್ತದೆ. ಆಮೇಲೆ ಬಾಯಲ್ಲಿ ಹೇಳಬೇಕು. ಕೇಳಿದವರು ದಡದ ಕೇಂದ್ರ ಉತ್ತರಿಸಲಿ ಎಂದು ಸ್ವಲ್ಪ ಕಾಯಬೇಕು. ದಡ ಸುಮ್ಮನಿದ್ದರೆ ಹತ್ತಿರದ ಹಡಗು ಓಗೊಡಬೇಕು, ಕ್ಯಾಪ್ಟನ್ನನಿಗೆ ತಿಳಿಸಬೇಕು. ಇದು ನಿಯಮ. ನಿಜದಲ್ಲಿ ಆಗುವುದೇ ಬೇರೆ. ಒರೆಸುವಾಗ, ಪರೀಕ್ಷಿಸುವಾಗ ಎಷ್ಟೋ ಜನ ಗುಂಡಿಯನ್ನು ತಪ್ಪಿ ಒತ್ತುತ್ತಾರೆ. ಒತ್ತಿದ್ದು ತಪ್ಪಾಯಿತು ಎಂದು ರೇಡಿಯೋದಲ್ಲೇ ಹೇಳಿಬಿಟ್ಟರೆ ಮುಗಿಯಿತು, ಆದರೆ ನಾಚಿಕೆ — ಯಾರೂ ಹೇಳುವುದಿಲ್ಲ, ಸೆಟ್ಟನ್ನೇ ಆರಿಸಿ ಕೂತುಬಿಡುತ್ತಾರೆ. ಕೇಳಿ ಕೇಳಿ ಉಳಿದವರ ಕಿವಿಯೂ ದಪ್ಪವಾಗುತ್ತದೆ. ಶಬ್ದ ನಿಲ್ಲಿಸಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ನಿನ್ನ ಕಿವಿ ದಪ್ಪವಾಗಿರಲಿಲ್ಲ. ಅಭ್ಯಾಸದ ಕೋಣೆಯಲ್ಲಿ ನಾನು ಅಲಾರಂ ಒತ್ತಿದರೆ ಸಾಕು, ದಡ ಉತ್ತರಿಸುವುದಕ್ಕೂ ಬಿಡದೆ ಮೈಕು ಹಿಡಿದು ಓಗೊಡುತ್ತಿದ್ದೆ. ಏಕೆ ಇಷ್ಟು ಅವಸರ ಎಂದರೆ ನೀನು ಹೇಳಿದ್ದು ನೆನಪಿದೆ: "ಗುಡ್ಡದಾಗೆ ಒಂದು ಮಂದೆಯೋರು ಕೂಗಿದ್ರೆ ಇನ್ನೊಂದು ಮಂದೆಯೋರು ಮೊದ್ಲು ಓಗೊಡ್ತಾರೆ ಸಾ. ಯಾರು, ಏನು ಅಂತ ಆಮೇಲೆ ಕೇಳ್ತಾರೆ." ಕೂಗಿದವನು ತಮಾಷೆಗೆ ಕೂಗಿದ್ದರೂ ಓಗೊಡಬೇಕಂತೆ. ಮಂದೆಗೆ ತೋಳ ಬಿದ್ದವನೂ ತಮಾಷೆ ಮಾಡುವವನೂ ದೂರದಿಂದ ಒಂದೇ ಥರ ಕೇಳಿಸುತ್ತಾರಂತೆ.

ಇದಕ್ಕಿಂತ ದೊಡ್ಡ ಪಾಠ ನನ್ನ ಬಳಿ ಇರಲಿಲ್ಲ — ಆದರೆ ನಾನು ಮೇಷ್ಟ್ರಲ್ಲವೇ! ಪರೀಕ್ಷೆಯಲ್ಲಿ ಅವಸರಕ್ಕೆ ಅಂಕ ಹೋಗುತ್ತದೆ ಎಂಬ ಚಿಂತೆ. ಹೊಸ ಅಧಿಕಾರಿ, ಅದರಲ್ಲೂ ಹುಡುಗಿ, ಪ್ರತಿ ಅಲಾರಂಗೂ ಕ್ಯಾಪ್ಟನ್ನನನ್ನು ಎಬ್ಬಿಸಿದರೆ ಹಡಗಿನವರು ಹುರಿದು ಮುಕ್ಕುತ್ತಾರೆ ಎಂಬ ಅನುಭವ ಬೇರೆ. ಪರೀಕ್ಷೆಗೆ ಮುಂಚೆ ಒಂದು ಮಧ್ಯಾಹ್ನ, ಉಳಿದವರು ಊಟಕ್ಕೆ ಹೋಗಿದ್ದಾಗ, ನಿನ್ನನ್ನು ನಿಲ್ಲಿಸಿಕೊಂಡು ನಮ್ಮ ಮಾತಿನಲ್ಲೇ ಹೇಳಿದೆ: "ನೋಡಮ್ಮ, ಇಲ್ ಕೇಳು. ಅಲಾರಂ ಬಂದ್ರೆ ಸದ್ದು ನಿಲ್ಸು. ಒಸಿ ಹೊತ್ತು ಕಾಯಿ. ಯಾರೂ ಬಾಯಿ ಬಿಡ್ಲಿಲ್ಲ ಅಂದ್ರೆ ಅದು ತಪ್ಪಿ ಒತ್ತಿರೋದೇ ಕಣಮ್ಮ. ಸುಮ್ಕಿದ್ಬುಡು."

ನೀನು ತಲೆಯಾಡಿಸಿದೆ. ತರಗತಿಯಲ್ಲಿ ಹೇಳಿದ್ದು ಪರೀಕ್ಷೆಗೆ, ಹೀಗೆ ನಮ್ಮ ಮಾತಿನಲ್ಲಿ ಹೇಳಿದ್ದು ಬದುಕಿಗೆ ಎಂದುಕೊಂಡಿರಬೇಕು. ನಾನೂ ಹಾಗೆಯೇ ಎಂದುಕೊಂಡಿದ್ದೆ.

ಆಮೇಲಿನದು — ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ಸರಕು ಹಡಗಿನಲ್ಲಿ ನಿನ್ನ ಪಾಳಿ. ಹಗಲು. ಅಲಾರಂ ಬಂತು, ಒಂದೇ ಸಲ. ನೀನು ಸದ್ದು ನಿಲ್ಲಿಸಿದೆ, ಕಾದೆ. ದಡ ಮಾತಾಡಲಿಲ್ಲ, ಕರೆದ ದೋಣಿಯೂ ಮಾತಾಡಲಿಲ್ಲ. ನೀನು ಸುಮ್ಮನಿದ್ದೆ. ಅದು ಸಣ್ಣ ಸರಕು ದೋಣಿ. ಗುಂಡಿ ಒತ್ತಿದ ಹಿಂದೆಯೇ ನೀರು ನುಗ್ಗಿ ಅವರ ರೇಡಿಯೋ ಸತ್ತಿತ್ತು, ಮಾತಾಡಲು ಅವರಿಗೆ ಏನೂ ಉಳಿದಿರಲಿಲ್ಲ. ಬಹಳ ಹೊತ್ತಿನ ಮೇಲೆ ಬೇರೊಂದು ಹಡಗು ತೆಪ್ಪ ಕಂಡು ಅವರನ್ನು ಎತ್ತಿಕೊಂಡಿತು. ದೋಣಿಯ ಅಡುಗೆಯವನು ಮಾತ್ರ ತೆಪ್ಪದಲ್ಲಿರಲಿಲ್ಲ. ಅವನು ಬಹಳ ಹೊತ್ತು ತೇಲುತ್ತಿದ್ದ ಎಂದು ಉಳಿದವರು ಹೇಳಿದರು. ಆ ಕೂಗು ಬಂದಾಗ ಎಲ್ಲರಿಗಿಂತ ಹತ್ತಿರವಿದ್ದದ್ದು ನಿನ್ನ ಹಡಗು.

ವಿಚಾರಣೆಗೆ, ನಿನಗೆ ಕಲಿಸಿದವನೆಂದು ನನ್ನನ್ನೂ ಕರೆಸಿದ್ದರು. ನೀನು ಸುತ್ತಿ ಬಳಸಿ ಮಾತಾಡಲಿಲ್ಲ. ಅಲಾರಂ ಕೇಳಿದೆ, ನಿಲ್ಲಿಸಿದೆ, ಸುಮ್ಮನಿದ್ದೆ, ತಪ್ಪು ನನ್ನದು ಎಂದೆ. ಏಕೆ ಸುಮ್ಮನಿದ್ದೆ ಎಂದು ಒತ್ತಿ ಕೇಳಿದಾಗಲಷ್ಟೇ ನನ್ನ ಕಡೆ ನೋಡಿ, "ನಮ್ಮ ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದರು" ಎಂದೆ. ದೂರು ಹೇಳುವ ದನಿಯಲ್ಲ ಅದು. ಮೇಷ್ಟ್ರು ಎದ್ದು ಹೌದು ಎನ್ನುತ್ತಾರೆ ಎಂಬ ನಂಬಿಕೆಯ ದನಿ.

ವಿಚಾರಣೆ ನಡೆಸುತ್ತಿದ್ದವರು ನನ್ನ ಕಡೆ ತಿರುಗಿದರು. ಆಗ ನನಗೆ ಕೇಂದ್ರದ ಮುಖ್ಯಸ್ಥನ ಕುರ್ಚಿ ಬರುವುದರಲ್ಲಿತ್ತು. ಹೌದು ಎಂದರೆ ಕುರ್ಚಿಯಷ್ಟೇ ಅಲ್ಲ, ಪಾಠ ಹೇಳುವ ಅನುಮತಿಯೂ ಹೋಗುತ್ತಿತ್ತು. ಇದನ್ನೆಲ್ಲ ಯೋಚಿಸಿ ಹೇಳಿದೆ ಎನ್ನಲಾರೆ — ಯೋಚಿಸಲಿಲ್ಲ ಎನ್ನಲೂ ಆರೆ. ನಾಲಿಗೆ ತಾನೇ ಹೊರಳಿತು: "ಇಲ್ಲ. ನಾನು ಹಾಗೆ ಕಲಿಸಿಲ್ಲ. ಭಯದಲ್ಲಿ ಹುಡುಗಿ ಏನೋ ಹೇಳುತ್ತಿದ್ದಾಳೆ." ಎಷ್ಟು ಮೃದುವಾಗಿ ಹೇಳಿದೆ ನೋಡು! ಕರುಣೆ ತೋರಿಸುವವನ ಹಾಗೆ. ಸುಳ್ಳು ಹೇಳಿ ಬೇರೆಯವರ ಮೇಲೆ ಹಾಕುವವಳು ಎಂಬ ಮಾತೂ ನಿನಗೆ ಅಂಟಿಕೊಂಡಿತು. ತಪ್ಪಿಗಾಗಿ ತೆಗೆದುಕೊಂಡ ಪರವಾನಗಿ ಒಂದು ದಿನ ವಾಪಸು ಬರುತ್ತಿತ್ತೇನೋ, ಆ ಮಾತಿನಿಂದಾಗಿ ಬರಲೇ ಇಲ್ಲ.

ಕುರ್ಚಿ ನನಗೆ ಬಂತು. ಚೆನ್ನಾಗಿಯೇ ಕೂತೆ, ಆದರೆ ನೆಮ್ಮದಿಯಾಗಿ ಅಲ್ಲ. ಪಾಠದ ನಡುವೆ ಅಲಾರಂ ಒತ್ತಿದಾಗಲೆಲ್ಲ ಹುಡುಗರಿಗೆ ನಿಯಮವನ್ನು ಹತ್ತು ಸಲ ಹೇಳುತ್ತಿದ್ದೆ, ಗಂಟಲು ಕಟ್ಟುವಷ್ಟು ಜೋರಾಗಿ. ಏಕೆ ಇಷ್ಟು ಕೂಗಾಡುತ್ತಾನೆ ಎಂದು ಅವರು ಬೆನ್ನ ಹಿಂದೆ ನಗುತ್ತಿದ್ದರು. ಏಕೆ ಎಂದು ಮಾತ್ರ ನಾನು ಹೇಳಲಿಲ್ಲ.

ಹೀಗೇ ಕಾಲ ತಳ್ಳಿಬಿಡುತ್ತಿದ್ದೆನೇನೋ. ಮೊನ್ನೆ ರಜೆಗೆ ಊರಿಗೆ ಬಂದವನು ಹೆಂಡತಿಯ ಜೊತೆ ಗೊರವನಹಳ್ಳಿಯ ಲಕ್ಷ್ಮೀ ಗುಡಿಗೆ ಹೋಗಿದ್ದೆ. ಬಸ್ಸಿಗೆ ನಿಂತಿದ್ದಾಗ ಹೆಗಲಿಗೆ ಕಂಬಳಿ ಹಾಕಿಕೊಂಡ ಒಬ್ಬ ಹಿರಿಯ ಬಂದು ಕೈ ಹಿಡಿದುಕೊಂಡ. ನಿನ್ನ ಅಪ್ಪ. ನೀನು ತರಬೇತಿಗೆ ಸೇರಿದ ದಿನ ನೋಡಿದ್ದು, ನನಗೆ ಗುರುತೇ ಸಿಗಲಿಲ್ಲ.

"ಬಾಗುನ್ನಾರಾ ಸಾಮಿ? ನಾನು ತಿರುಮಣಿಯೋನು, ನಾಗವೇಣಿ ಅಪ್ಪ" ಎಂದು ನಿಮ್ಮ ಗಡಿಯ ತೆಲುಗು ಬೆರೆಸಿ ಕ್ಷೇಮ ಕೇಳಿದ. ನೀನು ಈಗ ಸೋಲಾರ್ ಪಾರ್ಕಿನ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದೀಯ ಎಂದ. "ಅಲ್ಲೂ ಅದೇನೋ ಪೀಂ ಅಂತ ಬಡ್ಕೊಂತದಂತೆ. ಬಡ್ಕೊಂಡಾಗ್ಲೆಲ್ಲ ಈವಮ್ಮ ಖುದ್ದು ಎದ್ದೋಗಿ ನೋಡ್ಕಂಡೇ ಬರ್ತದೆ. ಉಳ್ದೋರು ಬೈತಾರೆ, ಆದ್ರೂ ಬಿಡಾಕಿಲ್ಲ." ಆಮೇಲೆ ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದ. "ನೀವು ಬೋ ಒದ್ದಾಡಿದ್ರಂತೆ ಸಾಮಿ ನಮ್ಮುಡುಗಿಗೋಸ್ಕರ. ನಮ್ ಮೇಷ್ಟ್ರು ನನ್ ಕಡೀಕೇ ನಿಂತ್ರು, ಆದ್ರೂ ಆಗ್ಲಿಲ್ಲ ಅಂತ ಅದೇ ಏಳ್ತು. ಒಂದ್ಸಲ ಮನೇಗೆ ಬಂದು ಒಂದ್ ಲೋಟ ಮಜ್ಜಿಗೆ ಕುಡ್ದೋಗ್ಬೇಕು."

ನಾಗವೇಣಿ, ಏಕೆ ಹಾಗೆ ಹೇಳಿದೆ? ಅಪ್ಪನ ಮನಸ್ಸು ನೋಯಬಾರದು ಎಂದೋ, ಗುರು ಎಂಬ ಹೆಸರು ಕೆಡಬಾರದು ಎಂದೋ — ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಆವತ್ತೂ ಬಾಯಿ ಬಿಡಲಿಲ್ಲ. ಬಸ್ಸು ಬಂತು, ಬರ್ತೀನಿ ಎಂದು ಹತ್ತಿಬಿಟ್ಟೆ. ನಿನ್ನ ಅಪ್ಪನ ಹಿಡಿತ ಕೊರಟಗೆರೆಯವರೆಗೂ ನನ್ನ ಕೈಯಲ್ಲೇ ಇತ್ತು.

ಈ ವಾರ ಕರಾವಳಿಗೆ ಹೋಗಿ, ಆ ವಿಚಾರಣೆ ನಡೆಸಿದ ಕಚೇರಿಯಲ್ಲಿ ನಿಜ ಹೇಳಿ ಬಂದೆ. ಮೇಜಿನಾಚೆಯ ಅಧಿಕಾರಿ, "ಈಗ ಯಾಕೆ ಸಾರ್?" ಎಂದು ಕೇಳಿದರು. ಹೇಳಿಕೆಗೆ ಸಹಿ ಹಾಕಿ ಎದ್ದೆ. ನಿನ್ನ ಪ್ರಕರಣ ಮತ್ತೆ ತೆರೆಯುತ್ತಾರಂತೆ. ನಾನು ಇನ್ನು ಪಾಠ ಹೇಳುವಂತಿಲ್ಲ. ನೀನು ಮತ್ತೆ ಹಡಗು ಹತ್ತುತ್ತೀಯೋ ಇಲ್ಲವೋ, ಅದನ್ನು ಕೇಳುವ ಹಕ್ಕು ನನಗಿಲ್ಲ. ಆ ಅಡುಗೆಯವನ ಮನೆಯವರಿಗೆ ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ. ಹೋಗುವುದಂತೂ ಹೋಗಬೇಕು.

ಅದಕ್ಕೂ ಮೊದಲು ನಿಮ್ಮ ಮನೆ. ನಾಳೆ ಬೆಳಿಗ್ಗೆ ಪಾವಗಡದ ಬಸ್ಸು ಹತ್ತುತ್ತೇನೆ. ನನ್ನನ್ನು ಕಂಡರೆ ನೀನು ಒಳಗೆ ಎದ್ದು ಹೋಗಬಹುದು, ಹೋಗಬೇಡ. ಆವತ್ತು ನಿನ್ನ ಎದುರಿಗೇ ಇಲ್ಲ ಎಂದವನು, ಹೌದು ಎಂಬುದನ್ನೂ ನಿನ್ನ ಎದುರಿಗೇ ಹೇಳಬೇಕು. ನಿನ್ನ ಅಪ್ಪ ಮಜ್ಜಿಗೆ ತರಲು ಏಳುವ ಮೊದಲೇ ಹೇಳುತ್ತೇನೆ. ಕೇಳಿದ ಮೇಲೂ ಲೋಟ ಕೊಡುವುದೋ ಬಿಡುವುದೋ ಅವನಿಗೆ ಬಿಟ್ಟದ್ದು.