ಮಾವ ಹೊಗಳಿದ ಹಂಗೇರಿಯ ನಾಯಕ

ಅವತ್ತು ಅರೋರಾದ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಡೆಸ್ ಪ್ಲೇನ್ಸ್‌ನ ನನ್ನ ಆಫೀಸಿನಿಂದ ಒಬ್ಬರನ್ನೇ ಕರೆದಿದ್ದೆ. ಪಕ್ಕದ ಡೆಸ್ಕಿನಲ್ಲಿ ಕೂರುವ ಹಂಗೇರಿಯ ಹೆಂಗಸು, ಅರವತ್ತು ದಾಟಿದವರು, ಯಹೂದಿ. ನಾನು ಈ ದೇಶಕ್ಕೆ ಬಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ನನ್ನ ಇಂಗ್ಲಿಷನ್ನು ಅಣಕಿಸಿದಾಗ, ಮೀಟಿಂಗಿನಲ್ಲೇ ಅವನ ಬಾಯಿ ಮುಚ್ಚಿಸಿದವರು ಅವರು.

ನನ್ನ ಗಂಡನ ಸೋದರಮಾವನೂ ಬಂದಿದ್ದರು. ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಈಗ ಫೋನಿನಲ್ಲಿ ರಾಜಕೀಯದ ವಿಡಿಯೋ ನೋಡುವುದೇ ಅವರ ಕೆಲಸ.

ಊಟಕ್ಕೆ ಕೂತಾಗ ಹಂಗೇರಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ಮಾವನ ಮುಖ ಅರಳಿತು. "ನಿಮ್ಮ ಪ್ರಧಾನಿ ಗಂಡಸು! ದೇಶ ಕಾಯೋದು ಅಂದ್ರೆ ಹಾಗೆ. ನಿಮ್ಮಲ್ಲೇ ಹುಟ್ಟಿ ಇಲ್ಲಿಗೆ ಬಂದು ಕೋಟ್ಯಧೀಶನಾದ ಆ ಮುದುಕ ದುಡ್ಡು ಚೆಲ್ಲಿ ಎಲ್ಲಾ ಸರ್ಕಾರ ಆಡಿಸ್ತಾನೆ. ಇವರೊಬ್ಬರೇ ಎದುರು ನಿಂತದ್ದು," ಎಂದರು ಇಂಗ್ಲಿಷಿನಲ್ಲಿ.

ಆಕೆ ಚಮಚ ಕೆಳಗಿಟ್ಟರು. "ಆ ಮುದುಕ ಯಹೂದಿ, ಗೊತ್ತಲ್ಲ? ಅವನ ನಗುವ ಮುಖದ ಪೋಸ್ಟರನ್ನು ಸರ್ಕಾರವೇ ಬೀದಿಬೀದಿಗೆ ಅಂಟಿಸಿತು. ನನ್ನ ತಮ್ಮನ ಟ್ರಾಮ್ ಸ್ಟಾಪಿನಲ್ಲಿ ಯಾರೋ ಅದರ ಮೇಲೆ 'ನಾರುವ ಯಹೂದಿ' ಅಂತ ಗೀಚಿದ್ದರು. ತಮ್ಮ ಒದ್ದೆ ಬಟ್ಟೆ ತಂದು ಒರೆಸಲು ಹೋದ. ನಿಂತಿದ್ದವರಲ್ಲಿ ಒಬ್ಬ ಅವನ ಮುಖಕ್ಕೆ ಉಗಿದ."

ಉಳಿದವರು ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು. ಆಕೆ ಮುಂದುವರಿಸಿದರು: "ಎರಡನೇ ಮಹಾಯುದ್ಧದಲ್ಲಿ ಯಹೂದಿಗಳ ಹತ್ಯೆಯಿಂದ ಪಾರಾಗಿ ಬಂದ ನಮ್ಮಪ್ಪ ಪ್ರಾರ್ಥನೆಯ ಪುಟ್ಟ ಕರಡಿಗೆಯೊಂದನ್ನು ಮನೆ ಬಾಗಿಲಿಗೆ ಮೊಳೆ ಹೊಡೆದು ಕೂರಿಸಿದ್ದರು. ಅದು ಯಹೂದಿ ಮನೆಯ ಗುರುತು. ಮಾರನೇ ದಿನ ತಮ್ಮ ಅದನ್ನು ಕಿತ್ತು ಒಳಗಿಟ್ಟ."

ಅಷ್ಟಕ್ಕಾದರೂ ಮಾವ ಸುಮ್ಮನಾಗಬೇಕಿತ್ತು. "ಅದು ಒಬ್ಬ ವ್ಯಕ್ತಿಯ ವಿರುದ್ಧ, ಯಹೂದಿಗಳ ವಿರುದ್ಧ ಅಲ್ಲ. ನಿಮ್ಮ ನಾಯಕರು ಇಸ್ರೇಲಿಗೆ ಎಷ್ಟು ಬೇಕಾದವರು!"

"ನನ್ನ ತಮ್ಮ ಇರೋದು ಇಸ್ರೇಲಿನಲ್ಲಲ್ಲ, ಬುಡಾಪೆಸ್ಟಿನಲ್ಲಿ," ಎಂದರು ಆಕೆ.

ನಾನು ಮಾವನ ಕಡೆ ತಿರುಗಿದೆ. "ಮಾವ, ನಮ್ಮ ಕೆಲಸ ಕಿತ್ಕೊಂಡ್ರು ಅಂತ ಇಲ್ಲಿಯವರು ನಮ್ಮನ್ನ ಬೈದ್ರೆ ಅನ್ಯಾಯ ಅಂತ ರಾತ್ರಿಯೆಲ್ಲಾ ಕೂತು ಫಾರ್ವರ್ಡ್ ಮಾಡ್ತೀರಲ್ಲ. ಅವರ ತಮ್ಮನ ಮುಖಕ್ಕೆ ಉಗಿದ್ರೆ ಅದು ದೇಶ ಕಾಯೋದಾ?"

"ಊಟದ ಹೊತ್ತಲ್ಲಿ ಬೇಡ ಕಣೇ," ಎಂದರು ನನ್ನ ಗಂಡ.

"ಲೆಟ್ ಹರ್ ಟಾಕ್, ಡ್ಯಾಡ್," ಎಂದಳು ಮಗಳು.

"ಅದು ಬೇರೆ, ಇದು ಬೇರೆ. ನಿನಗೆ ಪಾಲಿಟಿಕ್ಸ್ ಅರ್ಥ ಆಗಲ್ಲಮ್ಮ," ಎಂದು ಮಾವ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಆ ತುಪ್ಪದ ಮಿಳ್ಳೆಯನ್ನು ಎತ್ತಿ ಎಸೆಯಬೇಕೆನ್ನಿಸಿತು.

ಆಕೆ ಅರ್ಧ ಊಟಕ್ಕೇ ಎದ್ದರು. ಅವರನ್ನು ರೈಲ್ವೆ ಸ್ಟೇಷನ್ನಿಗೆ ಕಾರಿನಲ್ಲಿ ಬಿಡಲು ಹೋಗುವಾಗ ನಾನು ಕ್ಷಮೆ ಕೇಳಿದೆ. ಆಕೆ, "ಫೋನಿನಲ್ಲಿ ಓಡಾಡೋ ವಿಡಿಯೋಗಳ ಮಾತನ್ನೇ ನಿಮ್ಮ ಮಾವನೂ ಆಡಿದರು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಆ ಟೇಬಲ್ಲಿನಲ್ಲಿ ಅಷ್ಟು ಜನ ತಲೆ ತಗ್ಗಿಸಿ ಉಣ್ಣುತ್ತಿದ್ದರಲ್ಲ, ಅದು ನನಗೆ ಹಳೆಯ ಪರಿಚಯ," ಎಂದರು.

ವಾಪಸ್ ಬರುವಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಮಾವನ ಹೊಸ ವಿಡಿಯೋ ಬಂದಿತ್ತು, ಅದೇ ನಾಯಕನ ಭಾಷಣ. ಕೆಳಗೆ ಕೈಮುಗಿದವರು, ಚಪ್ಪಾಳೆ ತಟ್ಟಿದವರು. "ಆಕೆಯ ಕ್ಷಮೆ ಕೇಳುವವರೆಗೆ ನಮ್ಮನೆಗೆ ಬರಬೇಡಿ" ಎಂದು ಬರೆದು ಗ್ರೂಪಿನಿಂದ ಹೊರಬಂದೆ. ಮೈಸೂರಿನಿಂದ ಅತ್ತೆ ಫೋನ್ ಮಾಡಿದರು: "ಎಲ್ಲಿಯದೋ ದೇಶದ ಸುದ್ದಿಗೆ ಹಿರಿಯರನ್ನ ಹೀಗೆ ಅನ್ನೋದಾ?"

ಮಾವ ಕ್ಷಮೆ ಕೇಳಲಿಲ್ಲ. ಗೌರಿ ಹಬ್ಬಕ್ಕೆ ಬರುತ್ತೇನೆಂದು ಗಂಡನ ಮೂಲಕ ಹೇಳಿಕಳಿಸಿದರು. ಬೇಡ ಅಂದೆ. ಗಂಡ ಎರಡು ವಾರ ಮುಖ ಊದಿಸಿಕೊಂಡು ಓಡಾಡಿದರು. ನಾನೂ ರಮಿಸಲು ಹೋಗಲಿಲ್ಲ.