ಮರ ಇಳಿಯಲು ಹೊರಟ ಸರ್ವಮಂಗಳಕ್ಕ

ಸರ್ವಮಂಗಳಕ್ಕ ಇಳಿಯುವಾಗ ಕಾಲಿಗೆ ಕಟ್ಟಿದ ಕಬ್ಬಿಣದ ಕ್ಯಾಲಿಪರ್ ಮೆಟ್ಟಿಲಿನ ಅಂಚಿಗೆ ಸಿಕ್ಕಿಕೊಳ್ಳಬಹುದಿತ್ತು. ಮೊದಲ ಮಹಡಿಯ ನಾಯಿ ಬಾಗಿಲು ತೆರೆದದ್ದೇ ತಡ ನುಗ್ಗಿ ಬರಬಹುದಿತ್ತು. ಓನರ್ ಸರಿಯಾಗಿ ಅದೇ ಹೊತ್ತಿಗೆ ನೀರಿನ ಮೋಟರ್ ಹಾಕಿದರೆ ಅಕ್ಕನ ಕವಿತೆಯ ಒಂದಕ್ಷರವೂ ಕೇಳುತ್ತಿರಲಿಲ್ಲ. ಕೊರಿಯರ್‌ನವನು ಡಬ್ಬ ಹೊತ್ತು ಮೇಲೆ ಬಂದರೆ? ಯಾರಾದರೂ ನಡುವೆ ಚಪ್ಪಾಳೆ ತಟ್ಟಿಬಿಟ್ಟರೆ? ಅಕ್ಕ ಜಾರಿ ನನ್ನ ಮೇಲೆ ಬಿದ್ದು, ಇಬ್ಬರೂ ಗೇಟಿನವರೆಗೆ ಉರುಳಿಹೋಗುವ ದೃಶ್ಯವನ್ನಂತೂ ಒಂದು ವಾರದಿಂದ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ.

ಸರ್ವಮಂಗಳಕ್ಕ ಆರ್‌ಪಿಸಿ ಲೇಔಟ್‌ನ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು, ನಾವು ಎರಡನೆಯದರಲ್ಲಿ. ಲಿಫ್ಟ್ ಇಲ್ಲ. ಮಗುವಾಗಿದ್ದಾಗ ಪೋಲಿಯೊ ಬಂದು ಅವರ ಒಂದು ಕಾಲಿನ ಬಲ ಹೋಗಿತ್ತು. ಅರವತ್ತು ಹತ್ತಿರವಾದಂತೆ ಇನ್ನೊಂದೂ ಸೋಲತೊಡಗಿತು. ಕಡೆಯ ನಾಲ್ಕು ವರ್ಷ ಅವರು ಕೆಳಗಿಳಿದದ್ದು ಆಸ್ಪತ್ರೆಗೆ ಮಾತ್ರ, ಅದೂ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇಬ್ಬರು ಹೊತ್ತುಕೊಂಡು.

"ಸಿಲಿಂಡರ್ ಎತ್ತೋ ಮುಂಚೆ ತೂಕ ಸರಿ ಇದ್ಯಾ ಅಂತಾದ್ರೂ ನೋಡ್ತಾರೆ ರಘು. ನನ್ನನ್ನ ಒಂದು ಮಾತೂ ಕೇಳಲ್ಲ, ಎತ್ತೇಬಿಡ್ತಾರೆ."

ಮನೆಯಲ್ಲೇ ಕೂತು ಶಾಲಾ ಪುಸ್ತಕಗಳ ಕರಡು ತಿದ್ದುತ್ತಿದ್ದರು. ಭಾನುವಾರ ಹನ್ನೊಂದಕ್ಕೆ ಕಿಟಕಿಯ ಸರಳಿಗೆ ಸ್ಟೀಲ್ ಲೋಟ ಬಡಿಯುತ್ತ ಬೀದಿಗೆಲ್ಲ ಕವಿತೆ ಹೇಳುತ್ತಿದ್ದರು. ಪ್ರಾಸವಿಲ್ಲ, ರಾಗವಿಲ್ಲ. ಕಿಟಕಿಯ ಮುಂದಿನ ಹೊಂಗೆ ಮರಕ್ಕೆ ಆ ವಾರ ಯಾರು ಬಂದರು, ಯಾರು ಬರಲಿಲ್ಲ ಎಂಬುದೇ ಕವಿತೆ. ಒಮ್ಮೆ ಈರುಳ್ಳಿ ಗಾಡಿಯ ಮೈಕ್ ಅಡ್ಡ ಬಂತು. ಇವರು "ಗಿಳಿ ಎರಡು" ಎಂದು ಲೋಟ ಬಡಿದರು. ಮೈಕ್ "ನಾಲ್ಕು ಕೆಜಿ ನೂರು ರೂಪಾಯಿ" ಎಂದಿತು. ಇವರು "ಅಳಿಲು ಬರಲಿಲ್ಲ" ಎಂದರು. ಅದು "ಬನ್ನಿ ಅಮ್ಮಾ ಬನ್ನಿ" ಎಂದಿತು. ಕೊನೆಗೆ ಗಾಡಿಯವನೇ ಮೈಕ್ ಆರಿಸಿ ಮೇಲೆ ನೋಡಿದ.

"ಆಂಟಿ, ನಿಮ್ದು ಆಯ್ತಾ?"

"ಯಾಕಪ್ಪಾ ನಿಲ್ಲಿಸಿದೆ, ಚೆನ್ನಾಗಿ ಬರ್ತಾ ಇತ್ತು."

ಆ ಮರವನ್ನು ಕಡಿಸಿದರು. ಬೇರು ಚರಂಡಿಗೆ ನುಗ್ಗಿದೆ, ಕೊಂಬೆ ಬೀಳುತ್ತದೆ ಎಂದು ಬೀದಿಯವರೆಲ್ಲ ಸೇರಿ ಕೊಟ್ಟ ಅರ್ಜಿ. ಅದರಲ್ಲಿ ಮೂರನೆಯ ಸಹಿ ನನ್ನದು. ನನ್ನ ಕಾರು ಆ ಮರದ ಕೆಳಗೆ ನಿಲ್ಲುತ್ತಿತ್ತು; ಗಾಳಿ ಎದ್ದಾಗಲೆಲ್ಲ ನಾನು ಬಾಲ್ಕನಿಗೆ ಓಡುತ್ತಿದ್ದೆ. ಸಹಿಯ ವಿಷಯ ಸರ್ವಮಂಗಳಕ್ಕನಿಗೆ ಗೊತ್ತಿತ್ತು. ಲೋಟದ ಸದ್ದು ಆಮೇಲೆ ಕೇಳಲಿಲ್ಲ. ಅವರ ಕಿಟಕಿಯಾಚೆ ಉಳಿದದ್ದು ಎದುರು ಮನೆಯ ಗೋಡೆ, ಒಂದು ಕಪ್ಪು ಟ್ಯಾಂಕು. ದಿನವಿಡೀ ಅದನ್ನೇ ನೋಡುತ್ತ ಕೂತಿರುತ್ತಿದ್ದರು.

ಕಡೆಗೆ ಇಲ್ಲೇ ಊರಂಚಿನ ಉಲ್ಲಾಳದಲ್ಲಿ ತಂಗಿಯ ನೆಲಮಹಡಿಯ ಮನೆಗೆ ಹೋಗುವುದೆಂದಾಯಿತು. ಕುರ್ಚಿ ಹೊರಲು ಜನ ಕರೆಯುತ್ತೇನೆಂದೆ.

"ಬೇಡ. ಕೂತ್ಕೊಂಡೇ ಒಂದೊಂದು ಮೆಟ್ಟಿಲು ಇಳೀತೀನಿ. ಐವತ್ನಾಲ್ಕು ಮೆಟ್ಟಿಲಿಗೆ ಐವತ್ನಾಲ್ಕು ಸಾಲು ಮಾಡಿದೀನಿ. ಮೇಲುಗಡೆ ಗಿಳಿ, ನಿಮ್ಮನೆ ಹತ್ರ ಅಳಿಲು, ಕೆಳಗೆ ಇರುವೆ. ಮೆಟ್ಟಿಲಲ್ಲ ರಘು, ನಾನು ಮರ ಇಳೀತಿರೋದು. ಯಾರೂ ಮುಟ್ಟಬಾರ್ದು. ಮುಟ್ಟಿದ್ರೆ ಮತ್ತೆ ಸಾಮಾನು ಸಾಗಿಸಿದ ಹಾಗೇ."

"ಬಿದ್ರೆ?"

"ಬಿದ್ರೆ ಹಿಡೀರಿ. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಹೆದರೋರ ಕಣ್ಣು ಆಚೆ ಈಚೆ ಹೋಗಲ್ಲ."

"ಅಕ್ಕಾ, ಇವರನ್ನ ಹಿಡಿಯೋಕೆ ಇನ್ನೊಬ್ರು ಬೇಕಾಗ್ತಾರೆ," ಎಂದಳು ನನ್ನ ಹೆಂಡತಿ.

ಒಂದು ಸಲ ತಾಲೀಮು ಮಾಡೋಣ ಎಂದು ಗೋಗರೆದೆ. ಒಪ್ಪಲಿಲ್ಲ. ಅವರ ಮೈಯಲ್ಲಿ ಒಂದೇ ಸಲ ಇಳಿಯುವಷ್ಟು ಶಕ್ತಿ ಇತ್ತು.

ಭಾನುವಾರ ಹನ್ನೊಂದಕ್ಕೆ ಅಕ್ಕಪಕ್ಕದವರು ಮೆಟ್ಟಿಲ ತಿರುವುಗಳಲ್ಲಿ ಗೋಡೆಗಂಟಿ ನಿಂತರು. ಸರ್ವಮಂಗಳಕ್ಕನಿಗಿಂತ ಎರಡು ಮೆಟ್ಟಿಲು ಕೆಳಗೆ, ಹಿಂದುಹಿಂದಕ್ಕೆ ಇಳಿಯುತ್ತ, ನಾನು. ಅವರು ಎರಡೂ ಅಂಗೈ ಊರಿ, ಮೈಯನ್ನು ಕೆಳಕ್ಕೆ ಬಿಟ್ಟು, ಕ್ಯಾಲಿಪರ್ ಕಟ್ಟಿದ ಕಾಲನ್ನು ಕೈಯಿಂದಲೇ ಎತ್ತಿ ಇಡುತ್ತಿದ್ದರು. ಕಬ್ಬಿಣ ಟಕ್ ಎಂದ ಮೇಲೆ ಸಾಲು.

"ಇಲ್ಲಿ ಗಿಳಿ ಕಾಯಿ ಕಚ್ಚಿ ಬಿಸಾಡ್ತಿತ್ತು."

ಟಕ್.

"ಇಲ್ಲಿ ಗಾಳಿ ಮೊದಲು ಎಲೆಗೆ ಬರ್ತಿತ್ತು, ಆಮೇಲೆ ನನಗೆ."

ಟಕ್.

"ಇಲ್ಲಿ ಗರಗಸ ಶುರುವಾಯ್ತು."

ನಾಯಿ ಬೊಗಳಲಿಲ್ಲ. ಮೋಟರ್ ಓಡಲಿಲ್ಲ. ನಮ್ಮ ಮನೆಯ ಬಾಗಿಲು ದಾಟಿದೆವು. ಇಪ್ಪತ್ತಮೂರನೆಯ ಮೆಟ್ಟಿಲಲ್ಲಿ ಕಬ್ಬಿಣ ಟಕ್ ಎಂದಿತು, ಸಾಲು ಬರಲಿಲ್ಲ. ಅವರು ಕಣ್ಣು ಮುಚ್ಚಿದ್ದರು. ತುಟಿ ಬಿಳಿಚಿಕೊಂಡಿತ್ತು, ಅಥವಾ ನನಗೆ ಹಾಗೆ ಕಂಡಿತು. ಎಣಿಸಿದೆ: ಐದು, ಎಂಟು, ಹನ್ನೊಂದು.

ಮುಂದೆ ಬಾಗಿ ತೋಳು ಹಿಡಿದುಬಿಟ್ಟೆ.

ಕಣ್ಣು ತೆರೆದರು. ಬೈಯುತ್ತಾರೆಂದುಕೊಂಡೆ.

"ಇದು ಪೊಟರೆ, ರಘು. ಮರ ಕಡಿಯೋವಾಗ ಒಳಗೆ ಮೈನಾ ಮರಿ ಇತ್ತಲ್ಲ, ಅದು," ಎಂದರು, ನನಗೊಬ್ಬನಿಗೇ ಕೇಳುವಂತೆ. "ಈ ಮೆಟ್ಟಿಲಿಗೆ ಮಾತು ಇಟ್ಟಿರ್ಲಿಲ್ಲ."

ಕೈ ಬಿಟ್ಟೆ. ಅವರು ಮುಂದಿನ ಮೆಟ್ಟಿಲನ್ನು ಸ್ವಲ್ಪ ಹೊತ್ತು ನೋಡಿದರು.

"ಕುರ್ಚಿ ತರಿಸಿ," ಎಂದರು.

ಹೊರಲು ಇಬ್ಬರು ಬೇಕಿತ್ತು. ಒಬ್ಬ ನಾನೇ ಆದೆ. ಕಾರಿನ ಬಾಗಿಲ ಹತ್ತಿರ ಏನೋ ತೊದಲಿದೆ. "ನೋಡ್ತಾನೇ ಇದ್ರಿ ಪಾಪ, ನೀವು," ಎಂದು ಗಾಜು ಏರಿಸಿಕೊಂಡರು. ಅವರನ್ನು ನೋಡಿದ್ದು ಅದೇ ಕೊನೆ; ಉಲ್ಲಾಳ ದೂರವೇನಲ್ಲ, ನಾನೇ ಹೋಗಿಲ್ಲ.

ಅಂದು ಆದ ತಪ್ಪು ಇಷ್ಟೇ: ಹನ್ನೊಂದು ಎಣಿಸುವಷ್ಟು ಹೊತ್ತು ಅವರು ಸುಮ್ಮನಿದ್ದರು, ನನಗೆ ಇರಲಾಗಲಿಲ್ಲ.